ಮೆಚ್ಚಿದವನ ಋಣ

ಒಂದು ಜೀವವನ್ನು ಮೆಚ್ಚಿದವನಿಗೆ ಅದನ್ನು ತನ್ನದಾಗಿ ಮಾಡಿಕೊಳ್ಳುವ ಹಕ್ಕು ಬರುತ್ತದೆಯೆ? ಗಿಳಿಯನ್ನು ಮೆಚ್ಚಿದವರು ಪಂಜರ ತರುತ್ತಾರೆ. ಮೀನನ್ನು ಮೆಚ್ಚಿದವರು ಗಾಜಿನ ತೊಟ್ಟಿ ತರುತ್ತಾರೆ. ಮೆಚ್ಚಿದ ಮೇಲೆ ಮನೆಗೆ ತರುವುದೇ ಸಹಜವೆಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿರುವುದರಿಂದ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಮೆಚ್ಚಿಕೆಯ ವಸ್ತು ಗಿಳಿಯಾಗದೆ ಜೇಡವಾದರೆ, ಅದೂ ಅಂಗೈಯಗಲದ, ಮೈತುಂಬ ರೋಮವಿರುವ ಜೇಡವಾದರೆ, ಹಳೆಯ ಪ್ರಶ್ನೆ ಹೊಸದಾಗಿ ಎದುರಿಗೆ ಬಂದು ನಿಲ್ಲುತ್ತದೆ. ಜೇಡಕ್ಕೆ ಮುದ್ದು ಮುಖವಿಲ್ಲ, ಕರೆದರೆ ಬಾರದು, ಹತ್ತು ವರ್ಷ ಅನ್ನವಿಕ್ಕಿದವನನ್ನೂ ನೆಂಟನೆಂದು ಕಾಣದು. ಇಂಥದನ್ನು ಒಬ್ಬ ಪ್ರೀತಿಸುತ್ತಾನೆಂದರೆ ಆ ಪ್ರೀತಿಗೆ ಪ್ರತಿಫಲದ ಆಸೆಯಿಲ್ಲವೆಂದಾಯಿತು. ಹಾಗಾದರೆ ಅದು ಶುದ್ಧವಾದ ಪ್ರೀತಿಯೆ, ಅಥವಾ ಶುದ್ಧವಾದ ಒಡೆತನದ ಹಂಬಲವೆ? ಎರಡನ್ನೂ ಬೇರ್ಪಡಿಸಿ ನೋಡುವುದಕ್ಕೆ ಜೇಡದಂಥ ಒರೆಗಲ್ಲು ಮತ್ತೊಂದಿಲ್ಲವೆಂದು ನನಗೆ ತೋರುತ್ತದೆ.

ಓದುಗರು ಮೂಗು ಮುರಿಯಬಾರದು. ಜೇಡ ನಮಗೆ ಪರಕೀಯ ಪ್ರಾಣಿಯೇನೂ ಅಲ್ಲ. ಅಕ್ಷರಬ್ರಹ್ಮದಿಂದ ಜಗತ್ತು ಹೊರಟ ಬಗೆಯನ್ನು ತಿಳಿಸುವಾಗ ಮುಂಡಕೋಪನಿಷತ್ತು ಕೊಡುವ ಮೊದಲನೆಯ ಉಪಮಾನ ಜೇಡದ್ದು. ಶ್ರೀಕಾಳಹಸ್ತಿಯ ಹೆಸರಿನಲ್ಲಿರುವ ‘ಶ್ರೀ’ ಎಂಬುದು ಶಿವನನ್ನು ಪೂಜಿಸಿದ ಜೇಡವೆಂದೇ ಅಲ್ಲಿಯ ಸ್ಥಳಪುರಾಣ. ಕನ್ನಡದಲ್ಲಿ ಜೇಡನೆಂದರೆ ನೇಕಾರ. ಜೇಡರ ದಾಸಿಮಯ್ಯನ ಹೆಸರಿನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಆದರೆ ನಾನು ಹೇಳಹೊರಟಿರುವ ಜೇಡಗಳಿಗೆ ಬಲೆ ನೇಯುವುದಕ್ಕಿಂತ ಬಿಲ ತೋಡುವುದರಲ್ಲಿ, ಮರದ ಪೊಟರೆಯಲ್ಲಿ ಅಡಗುವುದರಲ್ಲಿ ಹೆಚ್ಚು ಆಸಕ್ತಿ.

ಪ್ರಾಣಿಶಾಸ್ತ್ರಜ್ಞರು ಈ ಬಳಗವನ್ನು ಮೈಗಲೊಮಾರ್ಫ್ ಎಂದು ಕರೆಯುತ್ತಾರೆ. ಟರಾಂಟುಲ ಎಂದು ಹೆಸರಾದ ದೊಡ್ಡ ಜೇಡಗಳೂ, ಬಿಲಕ್ಕೆ ಕದವಿಟ್ಟುಕೊಂಡು ಬದುಕುವ ಅವುಗಳ ದಾಯಾದಿಗಳೂ ಇದರ ಶಾಖೆಗಳು. ಬಳಗವನ್ನು ಗುರುತಿಸುವುದು ಕಷ್ಟವಲ್ಲ. ನಮ್ಮ ಮನೆಯ ಮೂಲೆಯಲ್ಲಿರುವ ಜೇಡದ ಎರಡು ವಿಷದಂತಗಳು ಇಕ್ಕಳದಂತೆ ಎದುರುಬದುರಾಗಿ ಕೂಡಿಕೊಳ್ಳುತ್ತವೆ. ಇವುಗಳ ದಂತಗಳು ಜೋಡಿ ಗುದ್ದಲಿಗಳಂತೆ ಪಕ್ಕಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ಶ್ವಾಸಕೋಶಗಳು ಇವುಗಳಿಗೆ ಎರಡು ಜೊತೆ. ಕಷ್ಟ ಬರುವುದು ಆಮೇಲೆ, ಇದು ಇಂಥದೇ ಜಾತಿ ಎಂದು ಹೇಳಬೇಕಾದಾಗ. ಕಂದು ಬಣ್ಣದ ಎರಡು ಜೇಡಗಳು ಅವಳಿಜವಳಿಯಂತೆ ಕಾಣುತ್ತವೆ. ಆದರೆ ದಂತದ ಬುಡದಲ್ಲಿ ಮಣ್ಣು ಅಗೆಯಲೆಂದಿರುವ ಮುಳ್ಳಿನ ಸಾಲು, ಗಂಡಿನ ಮುಂಗಾಲಿನ ಕೊಕ್ಕೆ, ಹೆಣ್ಣಿನ ಒಡಲಲ್ಲಿ ವೀರ್ಯವನ್ನು ಕಾಪಿಡುವ ಚೀಲದ ಆಕಾರ, ಇವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಅವು ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾದ ಮನೆತನಗಳೆಂದು ತಿಳಿಯುತ್ತದೆ. ಕೆಲವಂತೂ ವಿಚಿತ್ರ ಪ್ರಾಣಿಗಳು. ಚೀನಾದಲ್ಲಿಯೂ ಅಮೆರಿಕದ ಆಗ್ನೇಯ ಭಾಗದಲ್ಲಿಯೂ ಇರುವ ಸೈಕ್ಲೊಕಾಸ್ಮಿಯ ಎಂಬ ಜೇಡದ ಹಿಂಭಾಗ ಕತ್ತಿಯಿಂದ ಕಡಿದಂತೆ ಚಪ್ಪಟೆಯಾಗಿದೆ. ನಾಣ್ಯದಂತೆ ಗಟ್ಟಿಯಾಗಿ, ಗೆರೆಗೆರೆಯಾಗಿದೆ. ಶತ್ರು ಬಂದಾಗ ಅದು ತಲೆಕೆಳಗಾಗಿ ಬಿಲಕ್ಕಿಳಿದು ತನ್ನ ಬೆನ್ನನ್ನೇ ಬಿರಡೆಯಾಗಿ ಬಿಗಿದುಕೊಳ್ಳುತ್ತದೆ. ಹೊಸಬರಿಗೆ ಬಾಗಿಲು ಕಾಣುತ್ತದೆ. ಬಾಗಿಲೇ ಮನೆಯ ಯಜಮಾನಿಯೆಂದು ತಿಳಿಯುವುದಿಲ್ಲ.

ಇವುಗಳಲ್ಲಿ ನಮಗೆ ತೀರ ನೆರೆಯದೊಂದರ ಕಥೆಯನ್ನು ಹೇಳಬೇಕು. ಬಳ್ಳಾರಿಯಿಂದ ಪೂರ್ವಕ್ಕೆ, ಅನಂತಪುರ ಜಿಲ್ಲೆಯಲ್ಲಿ, ಗುತ್ತಿ ಎಂಬ ಊರಿದೆ. ಹೈದರಾಲಿ 1776ರಲ್ಲಿ ಮುರಾರಿರಾಯನಿಂದ ಗೆದ್ದುಕೊಂಡ ಕೋಟೆಯ ಊರು. ಅಲ್ಲಿಯ ರೈಲ್ವೆ ಮರದ ಡಿಪೋದಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ನೋಡಿ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಪೊಕಾಕ್ ಎಂಬ ವಿದ್ವಾಂಸರು 1899ರಲ್ಲಿ ಅದಕ್ಕೆ ಪೊಸಿಲೊಥೀರಿಯ ಮೆಟಾಲಿಕ ಎಂದು ಹೆಸರಿಟ್ಟರು. ಲೋಹದ ಹೊಳಪಿನ ನೀಲಿ ಮೈ; ಅದರ ಮೇಲೆ ಬಿಳಿ ಚಿತ್ತಾರ; ಕಾಲಿನ ಅಡಿಭಾಗದಲ್ಲಿ ಹಳದಿ. ಅದಾದ ಮೇಲೆ ಒಂದು ನೂರು ವರ್ಷ ಈ ಜೇಡ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಮತ್ತೆ ಕಂಡಿತು. ಗುತ್ತಿಯಲ್ಲಲ್ಲ, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ನಂದ್ಯಾಲ ಗಿದ್ದಲೂರುಗಳ ನಡುವಣ ಪೂರ್ವಘಟ್ಟದ ಕಾಡಿನಲ್ಲಿ. ಮೊದಲನೆಯ ಜೇಡ ಕಡಿದ ಮರದ ದಿಮ್ಮಿಯೊಡನೆ ರೈಲಿನಲ್ಲಿ ಗುತ್ತಿಗೆ ಬಂದಿದ್ದಿರಬೇಕೆಂದು ಬಲ್ಲವರ ಊಹೆ. ಅಂದರೆ ನಿಜವಾಗಿ ಆ ಹೆಸರು ಒಂದು ತಪ್ಪು ವಿಳಾಸ. ಮನೆಯೇ ಅಲ್ಲದ ಊರಿನ ಹೆಸರನ್ನು ಹೊತ್ತುಕೊಂಡು ‘ಗುತ್ತಿಯ ನೀಲಮಣಿ’ ಎಂದು ಈಗ ಜಗತ್ತಿನ ಸಾಕುಪ್ರಾಣಿಗಳ ಅಂಗಡಿಗಳಲ್ಲೆಲ್ಲ ಅದು ಕರೆಸಿಕೊಳ್ಳುತ್ತಿದೆ.

ಈ ತಪ್ಪು ವಿಳಾಸದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಒಂದು ಕಡೆಯಿಂದ ನೋಡಿದರೆ ಅದೇ ಈ ಜೇಡವನ್ನು ಕಾಪಾಡಿತು. ಹುಡುಕುವವನಿಗೆ ದಾರಿ ತಪ್ಪಿಸಿತು. ಇನ್ನೊಂದು ಕಡೆಯಿಂದ ನೋಡಿದರೆ ಅದೇ ಅದನ್ನು ಅನಾಥವಾಗಿಸಿತು. ಅದರ ಕಾಡಿನಲ್ಲಿ ಕೊಡಲಿ ಆಡುತ್ತಿದ್ದಾಗ, “ನಿಲ್ಲಿ, ಈ ಪೊಟರೆಯಲ್ಲಿ ಒಂದು ಜೀವವಿದೆ” ಎನ್ನುವುದಕ್ಕೆ ಬಲ್ಲವರೊಬ್ಬರೂ ಇರಲಿಲ್ಲ. ಅಜ್ಞಾನ ಒಮ್ಮೆ ಕೋಟೆಯಾಗುತ್ತದೆ, ಒಮ್ಮೆ ಗೋರಿಯಾಗುತ್ತದೆ. ಆದ್ದರಿಂದ, ‘ಏನನ್ನೂ ತಿಳಿಯಲು ಹೋಗಬೇಡಿ, ಅದರ ಪಾಡಿಗೆ ಅದನ್ನು ಬಿಡಿ’ ಎಂಬ ಉಪದೇಶ ಎಷ್ಟು ಸಾತ್ವಿಕವಾಗಿ ಕೇಳಿದರೂ ಸಾಲದು. ತಿಳಿಯಲೇಬೇಕು. ಹೇಗೆ ತಿಳಿಯಬೇಕು ಎಂಬುದಷ್ಟೆ ಪ್ರಶ್ನೆ.

ನನ್ನ ಸ್ನೇಹಿತರೊಬ್ಬರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಬುದ್ಧಿವಂತ, ವಿನಯಶಾಲಿ. ಅವನ ಕೋಣೆಯ ಗಾಜಿನ ಪೆಟ್ಟಿಗೆಗಳಲ್ಲಿ ಗುತ್ತಿಯ ನೀಲಿ ಜೇಡವೊಂದಿದೆ. ನಮ್ಮ ಪಶ್ಚಿಮಘಟ್ಟದ ಮೂಲದ, ವ್ಯಾಪಾರದಲ್ಲಿ ‘ಮೈಸೂರು’ ಎಂಬ ಹೆಸರು ಹೊತ್ತ, ಸ್ಟ್ರಿಯಾಟ ಎಂಬ ಜಾತಿಯದೂ ಒಂದಿದೆ. ಹತ್ತಾರು ಬೆರಳುದ್ದ ಮಣ್ಣು ತುಂಬಿದ ಡಬ್ಬಿಗಳಲ್ಲಿ ಬಾಗಿಲ ಜೇಡಗಳು ಮೂರು ನಾಲ್ಕಿವೆ. ರಜಕ್ಕೆ ಊರಿಗೆ ಬಂದಿದ್ದಾಗ ಅವನು ನನ್ನೊಡನೆ ಎರಡು ಗಂಟೆ ಇವುಗಳನ್ನೇ ಕುರಿತು ಮಾತನಾಡಿದ. ಮಣ್ಣು ಎಷ್ಟು ತೇವವಿರಬೇಕು, ಎಷ್ಟು ದಿನಕ್ಕೊಮ್ಮೆ ಮಿಡತೆ ಹಾಕಬೇಕು, ಪೊರೆ ಬಿಡುವ ಕಾಲದಲ್ಲಿ ಏಕೆ ಮುಟ್ಟಬಾರದು, ಎಲ್ಲವನ್ನೂ ಬಾಣಂತನ ಮಾಡಿದವಳ ಅನುಭವದಿಂದ ಹೇಳಿದ. ಅವನ ವಾದವನ್ನು ಅವನ ಮಾತಿನಲ್ಲಿಯೇ ಕೊಡುವುದು ನ್ಯಾಯ.

“ಮಾಮ, ನನ್ನ ಜೇಡ ಕಾಡಿನಿಂದ ಬಂದದ್ದಲ್ಲ, ಪೆಟ್ಟಿಗೆಯಲ್ಲೇ ಹುಟ್ಟಿದ್ದು. ಅದರ ತಾಯಿಯೂ ಹಾಗೆಯೇ. ಅಲ್ಲಿ ಕಾಡು ಹೋಗ್ತಾ ಇದೆ. ನಾಳೆ ಅಲ್ಲಿ ಒಂದೂ ಉಳಿಯದಿದ್ದರೆ ನಮ್ಮಂಥವರ ಹತ್ತಿರವಾದರೂ ಇರುತ್ತೆ. ನಾವು ಕಿತ್ತುಕೊಂಡವರಲ್ಲ, ಉಳಿಸಿದವರು.”

“ಪೆಟ್ಟಿಗೆಯಲ್ಲಿ ಹುಟ್ಟಿದ್ದಕ್ಕೂ ಕಾಡಿನಲ್ಲಿ ಹುಟ್ಟಿದ ಅಜ್ಜಿಯೊಬ್ಬಳು ಇರಲೇಬೇಕಲ್ಲಪ್ಪ. ಆಕೆ ಸಮುದ್ರ ದಾಟಿದ್ದು ಹೇಗೆ?” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಾನು ಬರುವುದಕ್ಕೆ ಮುಂಚಿನ ಮಾತು, ಮಾಮ” ಎಂದ.

ಅವನ ಉತ್ತರದಲ್ಲಿ ಸುಳ್ಳಿಲ್ಲ. ಅವನ ವಾದದಲ್ಲಿ ಹುರುಳೂ ಇದೆ. ಸಾಕುವವರಿಂದ ಶಾಸ್ತ್ರಕ್ಕೆ ಲಾಭವಾಗಿದೆಯೆಂಬುದನ್ನು ಮರೆಯಬಾರದು. ಈ ಜೇಡಗಳಲ್ಲಿ ಹೆಣ್ಣು ದೊಡ್ಡದಾದ ಮೇಲೂ ಪೊರೆ ಕಳಚುತ್ತದೆ. ಆ ಪೊರೆಯಲ್ಲಿ ದಂತದ ಹೊದಿಕೆಯಿಂದ ಹಿಡಿದು ಒಡಲೊಳಗಿನ ಚೀಲದ ಒಳಪದರದವರೆಗೆ ಎಲ್ಲವೂ ಬಿಚ್ಚಿಕೊಂಡು ಬರುತ್ತದೆ. ಪೊರೆಯನ್ನು ನೀರಿನಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಡೋ ಹೆಣ್ಣೋ ಎಂಬುದೂ, ಎಷ್ಟೋ ಸಲ ಯಾವ ಜಾತಿಯೆಂಬುದೂ ತಿಳಿದುಬರುತ್ತದೆ. ಹಿಂದಿನವರು ಕೊಂದು ಮದ್ಯಸಾರದಲ್ಲಿ ಮುಳುಗಿಸಿ ತಿಳಿದುದನ್ನು, ಅದು ತಾನಾಗಿ ಬಿಟ್ಟುಕೊಟ್ಟ ಬಟ್ಟೆಯಿಂದ ತಿಳಿಯುವುದು ಎಷ್ಟು ಸೊಗಸಾದ ವಿದ್ಯೆ! ಇದರಲ್ಲಿ ಸಾಕುವವರ ತಾಳ್ಮೆಯ ಪಾಲು ದೊಡ್ಡದು.

ಆದರೂ ಗಾಜಿನ ಪೆಟ್ಟಿಗೆ ಒಂದನ್ನು ಮಾತ್ರ ಕೊಡಲಾರದು. ಬಾಗಿಲ ಜೇಡವನ್ನು ಸಾಕುವವರೇ ತಮಾಷೆಯಾಗಿ ಹೇಳಿಕೊಳ್ಳುವ ಮಾತೊಂದಿದೆ: ತಾವು ಸಾಕಿರುವುದು ಜೇಡವನ್ನಲ್ಲ, ಒಂದು ತೂತನ್ನು ಎಂದು. ತಿಂಗಳುಗಟ್ಟಲೆ ಅದು ಮುಖ ತೋರಿಸುವುದಿಲ್ಲ. ದುಡ್ಡು ಕೊಟ್ಟು ತಂದದ್ದು, ಸ್ವಂತ ಕೋಣೆಯಲ್ಲಿರುವುದು, ರಸೀತಿಯೂ ಇದೆ. ಆದರೆ ನೋಡಬೇಕೆಂದರೆ ಕಾಣುವುದು ಮಣ್ಣು. ಒಡೆತನದ ಮಿತಿಯನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ದೃಷ್ಟಾಂತ ವೇದಾಂತಿಗಳಿಗೂ ಸಿಕ್ಕಲಾರದು. ಗುತ್ತಿಯ ಜೇಡದ ನೀಲಿಯೂ ಹಾಗೆಯೇ. ಅದು ಮೈಗೆ ಬಳಿದ ಬಣ್ಣವಲ್ಲ. ರೋಮದೊಳಗಿನ ಅತಿ ಸೂಕ್ಷ್ಮವಾದ ರಚನೆಯ ಮೇಲೆ ಬೆಳಕು ಬಿದ್ದು ಚೆದರಿದಾಗ ಹುಟ್ಟುವ ನೀಲಿ. ಟರಾಂಟುಲಗಳ ವಂಶದಲ್ಲಿ ಇಂಥ ನೀಲಿ ಕಡಮೆಯೆಂದರೂ ಎಂಟು ಸಲ ಬೇರೆಬೇರೆಯಾಗಿ ಹುಟ್ಟಿದೆಯೆಂದು 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಯಾವುದನ್ನು ಹಿಡಿಯಬೇಕೆಂದು ಮನುಷ್ಯ ಕೈಚಾಚಿದನೋ ಆ ನೀಲಿ ಅರೆದರೆ ಪುಡಿಯಾಗಿ ಸಿಗುವ ಪದಾರ್ಥವೇ ಅಲ್ಲ!

ಪೆಟ್ಟಿಗೆಗೆ ಬದಲು ಬೇರೊಂದು ದಾರಿಯಿದೆಯೆ? ಇದೆಯೆಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯದಲ್ಲಿ ಒಂದು ಸಾಕ್ಷಿ ಇದೆ. ಅಲ್ಲಿಯ ಗೋಧಿ ಸೀಮೆಯ ನಡುವೆ ನಾರ್ತ್ ಬಂಗುಲ್ಲ ಎಂಬ ಸಣ್ಣ ಕಾಪುಗಾಡು ಉಳಿದುಕೊಂಡಿದೆ. ಬಾರ್ಬರಾ ಯಾರ್ಕ್ ಮೇಯ್ನ್ ಎಂಬ ವಿದುಷಿ 1974ರಲ್ಲಿ ಅಲ್ಲಿಯ ಬಾಗಿಲ ಜೇಡಗಳನ್ನು ಅಭ್ಯಾಸ ಮಾಡತೊಡಗಿದರು. ಆ ಜಾತಿಯ ಹೆಸರು ಗೇಯಸ್ ವಿಲ್ಲೋಸಸ್. ಮರಿಯಾಗಿದ್ದಾಗ ತೋಡಿದ ಬಿಲವನ್ನೇ ಹೆಣ್ಣು ಬೆಳೆದಂತೆಲ್ಲ ಅಗಲಮಾಡಿಕೊಂಡು ಸಾಯುವವರೆಗೆ ಅಲ್ಲಿಯೇ ಇರುತ್ತದೆ. ಬಿಲದ ಬಾಯಿಯ ಸುತ್ತ ಸಣ್ಣ ಕಡ್ಡಿಗಳನ್ನು ಕಿರಣಗಳಂತೆ ಜೋಡಿಸುತ್ತದೆ; ಇರುವೆಯೊಂದು ಕಡ್ಡಿಯನ್ನು ತುಳಿದರೆ ಒಳಗೆ ಸುದ್ದಿ ಮುಟ್ಟುತ್ತದೆ. ಆ ತಾಯಿ ಮಾಡಿದ್ದಿಷ್ಟೆ: ಒಂದೊಂದು ಬಿಲದ ಪಕ್ಕದಲ್ಲಿಯೂ ಒಂದೊಂದು ನಂಬರಿನ ಗೂಟ ನೆಟ್ಟರು. ವರ್ಷವರ್ಷವೂ ಬಂದರು, ಬಾಗಿಲು ಸರಿಯಾಗಿದೆಯೆ, ಒಳಗೆ ಜೀವವಿದೆಯೆ ಎಂದು ನೋಡಿದರು, ಬರೆದುಕೊಂಡರು, ಹಿಂದಿರುಗಿದರು.

ನಮ್ಮ ಕಡೆ ಗೂಟವೆಂದರೆ ದನ ಕಟ್ಟುವುದಕ್ಕೆ. ಈ ಗೂಟಕ್ಕೆ ಜೇಡವನ್ನು ಕಟ್ಟಿರಲಿಲ್ಲ. ಕಟ್ಟಿಸಿಕೊಂಡವರು ಆ ವಿದುಷಿಯೇ. ನಾಲ್ಕು ದಶಕ ಆಕೆ ಆ ಜಾಗಕ್ಕೆ ಕಟ್ಟುಬಿದ್ದರು. ಹದಿನಾರನೆಯ ಗೂಟದ ಹೆಣ್ಣು ಮಿಕ್ಕೆಲ್ಲ ಜೇಡಗಳನ್ನೂ ಮೀರಿ ಬದುಕಿತು. ಮೇಯ್ನ್ ಅವರಿಗೆ ವಯಸ್ಸಾದಾಗ ಅವರ ಕೆಲಸವನ್ನು ಕಿರಿಯ ಸಂಶೋಧಕಿ ಲಿಯಾಂಡ ಮೇಸನ್ ಮುಂದುವರಿಸಿದರು. 2016ರಲ್ಲಿ ಮೇಸನ್ ನೋಡಲು ಹೋದಾಗ ಬಿಲದ ಮುಚ್ಚಳದಲ್ಲಿ ಸಣ್ಣ ರಂಧ್ರವಿತ್ತು. ಪರಾವಲಂಬಿ ಕಣಜ ಒಳಹೊಕ್ಕಿತ್ತು, ಜೇಡ ಇರಲಿಲ್ಲ. ಅದಕ್ಕಾಗ ನಲವತ್ತಮೂರು ವರ್ಷ. ಜಗತ್ತಿನಲ್ಲಿ ಲೆಕ್ಕಕ್ಕೆ ಸಿಕ್ಕ ಜೇಡಗಳಲ್ಲಿ ಅತ್ಯಂತ ದೀರ್ಘಾಯುಷ್ಯದ್ದೆಂದು 2018ರಲ್ಲಿ ಪ್ರಬಂಧ ಪ್ರಕಟವಾಯಿತು. ಮರುವರ್ಷ, 2019ರಲ್ಲಿ, ಮೇಯ್ನ್ ಅವರೂ ತೀರಿಕೊಂಡರು.

ನನ್ನ ಸ್ನೇಹಿತನ ಮಗನಿಗೆ ಇದನ್ನು ಹೇಳಿದಾಗ ಅವನು ಕೂಡಲೇ ಕೇಳಿದ: “ಪೆಟ್ಟಿಗೆಯಲ್ಲಿದ್ದಿದ್ದರೆ ಕಣಜ ಬರ್ತಿರಲಿಲ್ಲ, ಅಲ್ವೆ?” ಒಳ್ಳೆಯ ಪ್ರಶ್ನೆ. ಬರುತ್ತಿರಲಿಲ್ಲ, ನಿಜ. ಇನ್ನೂ ಕೆಲವು ವರ್ಷ ಅದು ಬದುಕುತ್ತಿತ್ತೇನೊ. ಆದರೆ ಆಯುಸ್ಸಿನ ಉದ್ದವೊಂದೇ ಬಾಳಿನ ಅಳತೆಯಾದರೆ ನಾವು ನಮ್ಮ ಮಕ್ಕಳನ್ನೂ ಬೀದಿಗೆ ಬಿಡಬೇಕಾಗಿಲ್ಲ. ಆ ಜೇಡದ ನಲವತ್ತಮೂರು ವರ್ಷದಲ್ಲಿ ಬರಗಾಲವಿತ್ತು, ಮಳೆಯಿತ್ತು, ಕಡ್ಡಿಗಳನ್ನು ತುಳಿದ ಸಾವಿರಾರು ಇರುವೆಗಳಿದ್ದವು, ಹುಡುಕಿಕೊಂಡು ಬಂದ ಗಂಡುಗಳಿದ್ದವು, ಕೊನೆಗೆ ಕಣಜವಿತ್ತು. ಕಣಜವೂ ಆ ಜಾಗದ್ದೇ. ಪೆಟ್ಟಿಗೆಯಲ್ಲಿ ಉಳಿಯುವುದು ಜೇಡ. ಬಯಲಿನಲ್ಲಿ ಉಳಿದದ್ದು ಜೇಡದ ಬಾಳು.

ಕನ್ನಡದಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಅರ್ಥ. ಇಷ್ಟಕ್ಕೆ ನಿಲ್ಲಿಸು ಎಂದೂ ಅರ್ಥ. ಬೇರೆಬೇರೆ ಮಾತುಗಳಾದರೂ ಕಿವಿಗೆ ಒಂದೇ. ಈ ಕಾಕತಾಳೀಯದಲ್ಲಿ ವಿವೇಕವಿದೆ. ಸಾಕುವವನಿಗೆ ಸಾಕೆನ್ನುವ ಶಕ್ತಿಯಿಲ್ಲದೆ ಹೋದರೆ ಒಂದು ಪೆಟ್ಟಿಗೆ ಹತ್ತಾಗುತ್ತದೆ, ಹತ್ತು ನೂರಾಗುತ್ತದೆ. ಅಪರೂಪವಾದದ್ದು ಬೇಕು ಎಂಬ ಹಂಬಲ ಹೆಚ್ಚಾದಷ್ಟೂ ಅಪರೂಪವಾದದ್ದು ಇನ್ನಷ್ಟು ಅಪರೂಪವಾಗುತ್ತದೆ. ಗುತ್ತಿಯ ಜೇಡವನ್ನು 2008ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಕಾಡು ಕಡಿಯುವುದು ಒಂದು ಕಾರಣ, ಸಂಗ್ರಹಕಾರರ ಬೇಡಿಕೆ ಇನ್ನೊಂದು. ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ ಇರುವ ಆ ಇಡೀ ಕುಲದ ವಿದೇಶ ವ್ಯಾಪಾರಕ್ಕೆ ಪರವಾನಗಿ ಬೇಕೆಂದು 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಸೇರಿಸಿದರು. ಹೆಸರಿಡುವ ವಿದ್ವಾಂಸರೂ ಈಗ ಎಚ್ಚರಗೊಂಡಿದ್ದಾರೆ. ಅಪರೂಪದ ಪ್ರಾಣಿ ಇರುವ ಜಾಗದ ಖಚಿತ ವಿವರವನ್ನು ಅಚ್ಚುಹಾಕಬೇಡಿ ಎಂದು ಆಸ್ಟ್ರೇಲಿಯದ ಲಿಂಡೆನ್‌ಮೇಯರ್ ಮತ್ತು ಶೀಲೆ ಎಂಬ ಇಬ್ಬರು ವಿಜ್ಞಾನಿಗಳು 2017ರಲ್ಲಿ ಬರೆದರು. ಗುತ್ತಿಯ ತಪ್ಪು ವಿಳಾಸ ಅರಿಯದೆ ಮಾಡಿದ ಉಪಕಾರವನ್ನು ಈಗ ಅರಿತು ಮಾಡಬೇಕಾಗಿ ಬಂದಿದೆ!

ಮೊದಲಿನ ಪ್ರಶ್ನೆಗೆ ಬರುತ್ತೇನೆ. ಮೆಚ್ಚಿದವನಿಗೆ ಹಕ್ಕು ಬರುತ್ತದೆಯೆ? ಬರುವುದಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಇನ್ನೊಂದು ಬರುತ್ತದೆ. ಅದನ್ನು ನಮ್ಮ ಹಿರಿಯರು ಋಣ ಎಂದು ಕರೆದರು. ಋಣ ಪಾಪವಲ್ಲ. ಸಾಲ ಮಾಡಿದ ಅಜ್ಜನನ್ನು ಮೊಮ್ಮಗ ಕಂಡಿರದೆ ಇರಬಹುದು, ಆದರೂ ಅಜ್ಜ ಕಟ್ಟಿದ ಮನೆಯಲ್ಲಿ ಅವನು ಮಲಗುತ್ತಾನಷ್ಟೆ. ಹಾಗೆಯೇ ಆ ಹುಡುಗ ಯಾವ ಮರವನ್ನೂ ಕಡಿದವನಲ್ಲ, ಯಾವ ಪೊಟರೆಗೂ ಕೈಹಾಕಿದವನಲ್ಲ; ಆದರೂ ಅವನ ಮೇಜಿನ ಮೇಲಿನ ನೀಲಿಗೆ ಪೂರ್ವಘಟ್ಟದ ಯಾವುದೋ ಒಂದು ಮರ ಸಾಲ ಕೊಟ್ಟಿದೆ. ಪೆಟ್ಟಿಗೆಯನ್ನು ಒಡೆದುಹಾಕು ಎಂದು ನಾನು ಅವನಿಗೆ ಹೇಳಲಿಲ್ಲ. ಅಲ್ಲಿ ಹುಟ್ಟಿದ ಜೀವ ಅಲ್ಲಿಯೇ ಬಾಳಿ ಮುಗಿಸಲಿ. ಅದನ್ನು ಚೆನ್ನಾಗಿ ನೋಡಿಕೊಳ್ಳುವುದು ಅವನ ಧರ್ಮ. ಆದರೆ ಋಣ ತೀರುವುದು ಪೆಟ್ಟಿಗೆಯೊಳಗಲ್ಲ. ಪೆಟ್ಟಿಗೆಗೆ ಪೆಟ್ಟಿಗೆ ಸೇರಿಸುವ ದುಡ್ಡಿನಲ್ಲಿ, ಸಮಯದಲ್ಲಿ, ವಿದ್ಯೆಯಲ್ಲಿ ಒಂದು ಪಾಲು ಆ ಮರಗಳು ನಿಂತಿರುವ ಕಡೆಗೆ ಹೋಗಬೇಕು. ಅಲ್ಲಿ ಸೌದೆಗಾಗಿ ಕೊಡಲಿ ಹಿಡಿದವನಿಗೂ ಒಲೆ ಉರಿಯಬೇಕಲ್ಲವೆ? ಅವನ ಒಲೆಯ ಲೆಕ್ಕವನ್ನು ಬಿಟ್ಟು ಜೇಡದ ಪೊಟರೆಯ ಲೆಕ್ಕವನ್ನು ಮಾತ್ರ ಮಾಡುವವನು ಎರಡನ್ನೂ ಕಳೆದುಕೊಳ್ಳುತ್ತಾನೆ.

ಈ ಋಣ ಸಾಕುವವರದ್ದು ಮಾತ್ರವಲ್ಲ. ಪತ್ರಿಕೆಯಲ್ಲಿ ಓದಿ, “ಆಹಾ, ಎಂಥ ಜೇಡ!” ಎಂದ ಓದುಗನದ್ದೂ, ಬರೆದ ನನ್ನದೂ ಹೌದು. ಆ ಕಾಡಿಗೆ ನಾನು ಹೋಗಿಲ್ಲ. ಹೋಗಬೇಕೆಂಬ ಹಟವೂ ಇಲ್ಲ. ಈ ರಾತ್ರಿ ಅಲ್ಲಿ ಯಾವುದೋ ಹಳೆಯ ಮರದ ಪೊಟರೆಯಿಂದ ಎಂಟು ಕಾಲುಗಳು ಮೆಲ್ಲಗೆ ಹೊರಬಂದು ಹುಳುವೊಂದಕ್ಕೆ ಕಾದು ಕುಳಿತಿರಬಹುದು. ಅದು ಯಾರದೂ ಅಲ್ಲ. ಹಾಗೆ ಯಾರದೂ ಅಲ್ಲದೆ ಅದು ಅಲ್ಲಿ ಇರುವಂತೆ ನೋಡಿಕೊಂಡರೆ, ಮೆಚ್ಚಿದವನಿಗೆ ಅಷ್ಟು ಸಾಕು.